ಬೂದು ತೊಟ್ಟವರೆಲ್ಲ ದಕ್ಷಿಣದವರಲ್ಲ

ಅಮೆರಿಕದ ಅಂತರ್ಯುದ್ಧದ (1861–65) ಹಳೆಯ ಪಟಗಳಲ್ಲಿ ದಕ್ಷಿಣದ ಕಾನ್ಫೆಡರೇಟ್ ಸಿಪಾಯಿಗಳನ್ನು ಗುರುತಿಸುವ ಚಟ ನನಗೆ ಹತ್ತಿ ಬಹಳ ವರ್ಷವಾಯಿತು. ಸರಿ ಹೇಳಿದ್ದಕ್ಕಿಂತ ತಪ್ಪು ಹೇಳಿದ್ದೇ ಹೆಚ್ಚು.

1. ಮೊದಲು ಗುಂಡಿ ನೋಡಿ, ಆಮೇಲೆ ಮುಖ. ಗಾಜಿನ ಮೇಲಿನ ಆಂಬ್ರೋಟೈಪಿಗೂ ಕಬ್ಬಿಣದ ತಗಡಿನ ಮೇಲಿನ ಟಿನ್‌ಟೈಪಿಗೂ ಬೇರೆ ನೆಗೆಟಿವ್ ಇಲ್ಲ. ಕ್ಯಾಮೆರಾದೊಳಗೆ ಇಟ್ಟ ಗಾಜು, ತಗಡೇ ಕೊನೆಗೆ ಪಟವಾಗುತ್ತದೆ. ಹಾಗಾಗಿ ಬಹುಪಾಲು ಪಟಗಳಲ್ಲಿ ಕನ್ನಡಿಯೊಳಗಿನಂತೆ ಎಡಬಲ ತಿರುಗಿರುತ್ತದೆ. ಬಲಸೊಂಟದ ತೋಟಾಪೆಟ್ಟಿಗೆ ಎಡಕ್ಕೆ ಬರುತ್ತದೆ, ಬೆಲ್ಟಿನ ಬಿಲ್ಲೆಯ ಅಕ್ಷರ ಮಗುಚಿಕೊಳ್ಳುತ್ತದೆ. ಶುರುವಿನಲ್ಲಿ ನಾನು ಒಬ್ಬನನ್ನು ಎಡಚ ಎಂದೇ ಬರೆದಿಟ್ಟಿದ್ದೆ. ಇದು ಗೊತ್ತಿದ್ದ ಕೆಲವು ಸಿಪಾಯಿಗಳು ಪಟದಲ್ಲಿ ಸರಿಯಾಗಿ ಕಾಣಲೆಂದು ಸರಂಜಾಮನ್ನು ಬೇಕೆಂದೇ ಅದಲುಬದಲು ಕಟ್ಟಿಕೊಂಡು ಕೂತರು. ಹೊಲಿದ ಕಾಜವನ್ನು ಮಾತ್ರ ಹಾಗೆ ಅದಲುಬದಲು ಮಾಡಲಾಗದು. ನೆಗೆಟಿವ್‌ನಿಂದ ಕಾಗದಕ್ಕೆ ಇಳಿಸಿದ ಪಟಗಳಲ್ಲಿ ಈ ತೊಂದರೆಯಿಲ್ಲ.

2. ಬಣ್ಣದ ಮಾತಿನಲ್ಲಿ ಪಟವನ್ನು ನಂಬಬೇಡಿ. ಆ ಕಾಲದ ಕೊಲೋಡಿಯನ್ ಲೇಪ ನೀಲಿಗೆ ಚುರುಕು, ಕೆಂಪು ಹಳದಿಗೆ ಹೆಚ್ಚುಕಡಿಮೆ ಕುರುಡು. ತಿಳಿನೀಲಿ ಷರಾಯಿ ಬೆಳ್ಳಗೆ ಕಾಣುತ್ತದೆ. ಫಿರಂಗಿಪಡೆಯ ಕೆಂಪು ಕೊರಳಪಟ್ಟಿ, ಕುದುರೆಪಡೆಯ ಹಳದಿ ಕೊರಳಪಟ್ಟಿ ಎರಡೂ ಮಸಿ ಮೆತ್ತಿದ ಹಾಗೆ ಕಪ್ಪು. ಕೆನ್ನೆಯ ಕೆಂಪು, ಗುಂಡಿಯ ಚಿನ್ನ ಸ್ಟುಡಿಯೋದವನ ಕುಂಚದ ಕೆಲಸ. ಬಟ್ಟೆಯಾದರೂ ಒಂದೇ ಬಣ್ಣದ್ದಲ್ಲ. ಜೀನ್ ಎಂಬ ಆ ಬಟ್ಟೆಗೆ ಹಾಸು ಹತ್ತಿ, ಹೊಕ್ಕು ಉಣ್ಣೆ. ಗಿಡಮೂಲದ ಬಣ್ಣ ಬಿಸಿಲಿಗೆ ಮಾಸಿ ಬೂದು ಹೋಗಿ ಕಂದು ಬರುತ್ತಿತ್ತು. (ದಕ್ಷಿಣದ ಬಂದರುಗಳಿಗೆ ಉತ್ತರದ ನೌಕಾಪಡೆ ಅಡ್ಡ ನಿಂತು ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ತಪ್ಪಿದಾಗಲೇ ನಮ್ಮ ಧಾರವಾಡದ ಹತ್ತಿಗೆ ಬೆಲೆ ಏರಿದ್ದು. ಹತ್ತಿಯ ಎಳೆ ಕಂಡಾಗಲೆಲ್ಲ ನನ್ನ ಮನಸ್ಸು ಅತ್ತ ಓಡುತ್ತದೆ.)

3. ಬೂದು ಕಂಡೊಡನೆ ದಕ್ಷಿಣದವನೆನ್ನಬೇಡಿ. ಉತ್ತರದ 7ನೇ ನ್ಯೂಯಾರ್ಕ್ ದಳದ್ದೂ ಬೂದು ಸಮವಸ್ತ್ರವೇ. 1861ರ ಜುಲೈ 21ರಂದು ಬುಲ್ ರನ್ ಕಾಳಗದಲ್ಲಿ ದಕ್ಷಿಣದ 33ನೇ ವರ್ಜೀನಿಯಾ ದಳದ ನೀಲಿ ಉಡುಪು ಕಂಡು ಉತ್ತರದ ಫಿರಂಗಿಯವರು ನಮ್ಮವರೇ ಎಂದುಕೊಂಡರು. ಹತ್ತಿರ ಬಂದವರು ಗುಂಡು ಹಾರಿಸಿ ಫಿರಂಗಿಗಳನ್ನೇ ಹಿಡಿದರು. ಎದುರಿಗೇ ನಿಂತವರಿಗೆ ತಿಳಿಯದ್ದು ಭೂತಗನ್ನಡಿ ಹಿಡಿದ ನನಗೆ ಅಷ್ಟು ಸಲೀಸಾಗಿ ತಿಳಿದೀತೇ?

4. ಬಣ್ಣ ಬಿಟ್ಟು ಹೊಲಿಗೆ ಹಿಡಿಯಿರಿ. ಗುಂಡಿ ಎಣಿಸಿ: ರಿಚ್ಮಂಡ್ ಉಗ್ರಾಣದ ಗಿಡ್ಡ ಜಾಕೆಟ್ಟಿಗೆ ಸಾಮಾನ್ಯವಾಗಿ ಒಂಬತ್ತು, ಐರ್ಲೆಂಡಿನ ಲಿಮರಿಕ್‌ನಲ್ಲಿ ಪೀಟರ್ ಟೇಟ್ ದಕ್ಷಿಣದ ಸೇನೆಗೆಂದು ಹೊಲಿಸಿದ್ದಕ್ಕೆ ಎಂಟು. ನಾರ್ತ್ ಕೆರೊಲಿನಾದ 1861ರ ಕೋಟಿಗೆ ಹೆಗಲ ಮೇಲೆ ಬೇರೆ ಬಣ್ಣದ ಪಟ್ಟಿ. ಯುದ್ಧದ ಮೊದಲ ವರ್ಷದಲ್ಲಿ ಸರ್ಕಾರ ಬಟ್ಟೆಯ ಬದಲು ದುಡ್ಡು ಕೊಡುತ್ತಿತ್ತು. ಆಗಿನ ಪಟಗಳಲ್ಲಿ ಅಮ್ಮ ಹೊಲಿದ ಅಂಗಿ, ಊರ ದರ್ಜಿಯ ಕೋಟು ಎಲ್ಲ ಬೆರೆತಿರುತ್ತವೆ. ಅಲ್ಲಿ ಗುಂಡಿಯ ಲೆಕ್ಕ ನಡೆಯುವುದಿಲ್ಲ.

5. ದರ್ಜೆಯ ನಿಯಮ ಓದಿ, ಆದರೆ ದಕ್ಷಿಣದ ಸೇನಾಪತಿ ರಾಬರ್ಟ್ ಲೀಯನ್ನು ಮರೆಯಬೇಡಿ. ಜನರಲ್‌ಗೆ ಮಾಲೆಯೊಳಗೆ ಮೂರು ನಕ್ಷತ್ರವಿರಬೇಕು. ಲೀಯ ಕೊರಳಪಟ್ಟಿಯಲ್ಲಿ ಮಾಲೆಯೇ ಇಲ್ಲ, ಬರೀ ನಕ್ಷತ್ರ. ಪುಸ್ತಕ ಹಿಡಿದು ನೋಡುವವನಿಗೆ ಆ ಸೇನಾಪತಿ ಕರ್ನಲ್ ಆಗಿಬಿಡುತ್ತಾನೆ.

6. ಬೆನ್ನು ತಿರುಗಿಸಿ ನೋಡಿ. ಉತ್ತರದ ಸರ್ಕಾರ 1864ರಿಂದ 1866ರವರೆಗೆ ಪಟಗಳಿಗೂ ತೆರಿಗೆ ಹಾಕಿತ್ತು. ಹಿಂದೆ ಆ ಸ್ಟಾಂಪಿದ್ದರೆ ಕಾಗದದ ಪ್ರತಿಯ ಕಾಲ ಸಿಕ್ಕಿತು. ಮೂಲ ಪಟ ಅದಕ್ಕೂ ಹಳೆಯದಿರಬಹುದು.

7. ಕೈಯಲ್ಲಿರುವುದು ಅವನದೇ ಎನ್ನಬೇಡಿ. ಉದ್ದನೆಯ ಬೋವಿ ಚೂರಿ, ಪಿಸ್ತೂಲು ಎಷ್ಟೋ ಸಲ ಸ್ಟುಡಿಯೋದ ಸಾಮಾನು. ರಣರಂಗದಲ್ಲೂ ಇದೇ ಕಥೆ. ಗೆಟಿಸ್‌ಬರ್ಗ್‌ನಲ್ಲಿ ಅಲೆಕ್ಸಾಂಡರ್ ಗಾರ್ಡನರ್ ತಂಡ 1863ರ ಜುಲೈನಲ್ಲಿ ತೆಗೆದ ಬಂಡೆಗಳ ನಡುವಿನ ಸತ್ತ ‘ಗುರಿಕಾರ’ನ ಪಟ ಬಹಳ ಹೆಸರಾದದ್ದು. ಆ ಹೆಣವನ್ನು ಬೇರೆಡೆಯಿಂದ ಎತ್ತಿ ತಂದು ಮಲಗಿಸಿ ಪಕ್ಕದಲ್ಲಿ ಬಂದೂಕು ಒರಗಿಸಿದ್ದರೆಂದು ಇತಿಹಾಸಕಾರ ವಿಲಿಯಂ ಫ್ರಾಸನಿಟೊ ಪಟಗಳನ್ನು ಒಂದಕ್ಕೊಂದು ಹೋಲಿಸಿಯೇ ತೋರಿಸಿಕೊಟ್ಟರು. ಆ ಬಂದೂಕೂ ಗುರಿಕಾರರು ಬಳಸುವ ಜಾತಿಯದಲ್ಲ.

8. ಉಡುಪು ಸರಿಯಿದ್ದರೂ ಸಿಪಾಯಿ ಎನ್ನುವ ಮುನ್ನ ತಡೆಯಿರಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂಗ್ರಹದ ಒಂದು ಟಿನ್‌ಟೈಪಿನಲ್ಲಿ ಮಿಸಿಸಿಪ್ಪಿಯ 44ನೇ ದಳದ ಆಂಡ್ರ್ಯೂ ಚಾಂಡ್ಲರ್ ಪಕ್ಕದಲ್ಲಿ ಕಪ್ಪು ಯುವಕ ಸೈಲಸ್ ಚಾಂಡ್ಲರ್ ಕೂತಿದ್ದಾನೆ. ಸಮವಸ್ತ್ರ, ಚೂರಿ, ಪಿಸ್ತೂಲು ಎಲ್ಲ ಇವೆ. ಈ ಪಟ ಹಿಡಿದು ‘ದಕ್ಷಿಣದ ಪರ ಕಾದಿದ ಕಪ್ಪು ಸೈನಿಕ’ ಎಂದು ದಶಕಗಟ್ಟಲೆ ಸಾರಿದವರಿದ್ದಾರೆ. ಮೊದಲ ಸಲ ನೋಡಿದಾಗ ನಾನೂ ಚೂರಿಯ ಹಿಡಿ, ಗುಂಡಿಗಳ ಸಾಲನ್ನೇ ಬರೆದುಕೊಂಡು ಕೂತಿದ್ದೆ. ಸೈಲಸ್ ಆ ಮನೆತನದ ಗುಲಾಮ, ಯಜಮಾನನ ಚಾಕರಿಗೆಂದು ದಂಡಿನ ಜೊತೆ ಹೋದವನು. ಕಪ್ಪು ಜನರನ್ನು ಸಿಪಾಯಿಗಳಾಗಿ ಸೇರಿಸಿಕೊಳ್ಳಲು ದಕ್ಷಿಣದ ಕಾಂಗ್ರೆಸ್ಸು ಒಪ್ಪಿದ್ದು 1865ರ ಮಾರ್ಚ್‌ನಲ್ಲಿ, ಸೋಲಿಗೆ ವಾರಗಳಷ್ಟೇ ಉಳಿದಿದ್ದಾಗ.