ಊರಲ್ಲೇ ಇರುವ ದಿನಗಳಿಗೆ ಒಂಬತ್ತು ಸೂತ್ರಗಳು

ವರ್ಷಕ್ಕೆ ಒಂದೋ ಎರಡೋ ಸಲ ಬ್ಯಾಗು ಹೆಗಲೇರುತ್ತದೆ. ಉಳಿದ ದಿನಗಳೆಲ್ಲ ಊರಲ್ಲೇ. ಒಂದು ರಜೆ ಮುಗಿದು ಇನ್ನೊಂದು ಬರುವವರೆಗಿನ ತಿಂಗಳುಗಳನ್ನು ಹೇಗೋ ದೂಡಬೇಕಾದ ಕಾಲವೆಂದು ಭಾವಿಸುವವರು ನಮ್ಮಲ್ಲಿ ಬಹಳ. ನನಗೆ ಹಾಗನ್ನಿಸುವುದಿಲ್ಲ. ಪ್ರವಾಸದ ಖುಷಿಯಲ್ಲಿ ದೊಡ್ಡ ಪಾಲು ನಾವು ಅಲ್ಲಿ ನಡೆದುಕೊಳ್ಳುವ ರೀತಿಯದು. ಬೇಗ ಏಳುತ್ತೇವೆ, ನಡೆಯುತ್ತೇವೆ, ತಲೆಯೆತ್ತಿ ನೋಡುತ್ತೇವೆ, ಗುರುತಿಲ್ಲದವರನ್ನು ಮಾತಾಡಿಸುತ್ತೇವೆ, ಎಂದೂ ತಿನ್ನದ್ದನ್ನು ತಿನ್ನುತ್ತೇವೆ. ಇದ್ಯಾವುದಕ್ಕೂ ಟಿಕೆಟ್ ಬೇಕಿಲ್ಲ. ನಾನಿರುವುದು ಬೆಂಗಳೂರಿನಲ್ಲಿ, ಹಾಗಾಗಿ ಉದಾಹರಣೆಗಳು ಹೆಚ್ಚಾಗಿ ಇಲ್ಲಿಯವು. ನಿಮ್ಮ ಊರಿಗೆ ಹೊಂದಿಸಿಕೊಳ್ಳಿ.

1. ಮುಂದಿನ ಪ್ರವಾಸದ ದಿನ ಈಗಲೇ ಗೊತ್ತುಮಾಡಿ

ನೆದರ್ಲೆಂಡ್ಸ್‌ನ ಯೆರೂನ್ ನವೈನ್ ಮತ್ತು ಸಂಗಡಿಗರು ಅಲ್ಲಿನ 1,530 ಜನರನ್ನು ವಿಚಾರಿಸಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರಜೆಗೆ ಹೊರಡಲಿದ್ದವರು ಹೊರಡದವರಿಗಿಂತ ಹೆಚ್ಚು ಸಂತೋಷವಾಗಿದ್ದರು. ಹೋಗಿ ಬಂದ ಮೇಲೆ ಮಾತ್ರ ಬಹುತೇಕರಲ್ಲಿ ಆ ವ್ಯತ್ಯಾಸ ಉಳಿದಿರಲಿಲ್ಲ. ತುಂಬ ನಿರಾಳವಾದ ರಜೆ ಕಳೆದವರಿಗಷ್ಟೇ ಅದು ಇನ್ನೂ ಸ್ವಲ್ಪ ದಿನ ಜೊತೆಗಿತ್ತು. ಅಂದರೆ ಹೊರಡುವ ಮುಂಚಿನ ದಿನಗಳೂ ಪ್ರವಾಸದ ಭಾಗವೇ. ನಮ್ಮ ರೈಲ್ವೆಯಲ್ಲಿ ಈಗ 60 ದಿನ ಮುಂಚೆ ಟಿಕೆಟ್ ಕಾದಿರಿಸಬಹುದು. ಆ ಎರಡು ತಿಂಗಳು ಭೂಪಟ ಹರಡಿಕೊಂಡು ಕೂರಿ. ಹೋಗುವ ಊರಿನ ಭಾಷೆಯ ಹತ್ತು ಮಾತು ಕಲಿಯಿರಿ. ಅಲ್ಲಿನ ಲೇಖಕರ ಒಂದು ಕತೆಯನ್ನಾದರೂ ಅನುವಾದದಲ್ಲಿ ಓದಿ.

2. ಮರಗಳ ವೇಳಾಪಟ್ಟಿ ಇಟ್ಟುಕೊಳ್ಳಿ

ಈ ಒಂಬತ್ತರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದು. ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಎಂಬ ಜರ್ಮನ್ ತೋಟಗಾರಿಕಾ ತಜ್ಞ 1908ರಲ್ಲಿ ಬೆಂಗಳೂರಿಗೆ ಬಂದರು. ವರ್ಷದ ಯಾವ ತಿಂಗಳಲ್ಲೂ ಊರಿನ ಒಂದಲ್ಲ ಒಂದು ರಸ್ತೆ ಹೂ ತಳೆದಿರಬೇಕು, ಒಂದು ಜಾತಿಯ ಮರದ ಸರದಿ ಮುಗಿಯುವಾಗ ಮತ್ತೊಂದರ ಸರದಿ ಶುರುವಾಗಬೇಕು ಎಂಬುದು ಅವರ ಯೋಜನೆ. ಅವರು 1956ರಲ್ಲಿ ಇಲ್ಲೇ ತೀರಿಕೊಂಡರು. ಆ ಯೋಜನೆ ಇವತ್ತಿಗೂ ನಡೆಯುತ್ತಿದೆ. ಜನವರಿಯ ಹೊತ್ತಿಗೆ ಗುಲಾಬಿ ಟಬೂಬಿಯಾ, ಅದರ ಬೆನ್ನಿಗೇ ಹಳದಿಯದು, ಜೊತೆಜೊತೆಗೆ ಜಕರಂಡದ ನೇರಳೆ. ಮಾರ್ಚಿನಲ್ಲಿ ಹೊಂಗೆಯ ಎಳೆ ಚಿಗುರು. ಅದರ ಮಿನುಗುವ ಹಸಿರು ಯಾವ ಹೂವಿಗೂ ಕಡಿಮೆಯಲ್ಲ ಎಂಬುದು ನನ್ನ ಪಕ್ಷ. ಏಪ್ರಿಲ್–ಮೇ ತಿಂಗಳಲ್ಲಿ ಗುಲ್‌ಮೊಹರ್. ಮಳೆಗಾಲ ಇಳಿದ ಮೇಲೆ ಆಕಾಶಮಲ್ಲಿಗೆ, ಅದರ ಪರಿಮಳ ಸಂಜೆಗತ್ತಲಲ್ಲಿ ಮರಕ್ಕಿಂತ ಮೊದಲು ನಮ್ಮನ್ನು ಮುಟ್ಟುತ್ತದೆ.

ಇವುಗಳ ತವರು ಎಲ್ಲೆಲ್ಲೋ ಇದೆ. ಜಕರಂಡ ದಕ್ಷಿಣ ಅಮೆರಿಕದ್ದು, ಗುಲಾಬಿ ಟಬೂಬಿಯಾ ಮಧ್ಯ ಅಮೆರಿಕದ ಕಡೆಯದು, ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಹೊಂಗೆ ಮಾತ್ರ ನಮ್ಮದೇ. ಮನೆಯಿಂದ ಬಸ್ ನಿಲ್ದಾಣದವರೆಗೆ ಇರುವ ಮರಗಳ ಹೆಸರು ಕಲಿಯಿರಿ. ಯಾವುದು ಯಾವ ವಾರ ಅರಳಿತು ಎಂದು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿ, ಮರುವರ್ಷ ಹೋಲಿಸಿ ನೋಡಿ.

3. ನೀವು ಹೋಗದಿದ್ದಾಗ ಬರುವವರನ್ನು ನೋಡಿ

ಸೆಪ್ಟೆಂಬರ್ ಹೊತ್ತಿಗೆ ನೀರಿರುವ ಕಡೆ, ಕೆಲವೊಮ್ಮೆ ಅಪಾರ್ಟ್‌ಮೆಂಟಿನ ತಾರಸಿಯಲ್ಲೂ, ಬಾಲ ಕುಣಿಸುತ್ತ ಓಡಾಡುವ ಪುಟ್ಟ ಹಕ್ಕಿಯೊಂದು ಕಾಣಿಸಿಕೊಳ್ಳುತ್ತದೆ. ಅದು ಬೂದು ಸಿಪಿಲೆ. ಹಿಮಾಲಯದ ತೊರೆಗಳ ಬದಿಯಲ್ಲೂ ಅದರಾಚೆಗೂ ಮರಿಮಾಡಿ, ಚಳಿಗಾಲ ಕಳೆಯಲು ನಮ್ಮ ಬೀದಿಗೆ ಇಳಿದಿರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಮಧ್ಯ ಏಷ್ಯಾದಿಂದ ಹಿಮಾಲಯವನ್ನೇ ಹಾರಿ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಮುಂಗಾರು ಮುಗಿಯುವಾಗ ಬಯಲಿನ ಮೇಲೆ ಗುಂಪುಗುಂಪಾಗಿ ತೇಲುವ ಹೊಂಬಣ್ಣದ ಏರೋಪ್ಲೇನ್ ಚಿಟ್ಟೆಗಳನ್ನು ಕಂಡಿರುತ್ತೀರಿ. ಈ ಜಾತಿಯವು ಮಾಲ್ಡೀವ್ಸ್ ಮೇಲೆ ಹಾದು, ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಾ ತಲುಪುತ್ತವೆ ಎಂದು ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ವಾದ ಮಂಡಿಸಿದರು. ಬೆರಳುದ್ದದ ಕೀಟಕ್ಕೆ ಅಷ್ಟು ದೊಡ್ಡ ಸಮುದ್ರ! ಇದನ್ನು ತಿಳಿದ ಮೇಲೆ ನಮ್ಮ ಬಡಾವಣೆಯ ಖಾಲಿ ಸೈಟೂ ನನಗೆ ವಿಮಾನ ನಿಲ್ದಾಣದಂತೆ ಕಾಣತೊಡಗಿದೆ.

4. ಬೆಳಗಿನ ಒಂದು ಗಂಟೆ ಊರಿಗೆ ಕೊಡಿ

ಹೊರಗೆ ಹೋದಾಗ ಸೂರ್ಯೋದಯ ನೋಡಲು ನಸುಕಿಗೇ ಬೆಟ್ಟ ಹತ್ತುತ್ತೇವೆ. ತಿಂಗಳಿಗೊಮ್ಮೆ ಊರಿನಲ್ಲೂ ಹಾಗೇ ಏಳಿ. ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡರ ಗೋಪುರದ ಹತ್ತಿರ ಕುಳಿತರೆ ಅಂಗೈ ಕೆಳಗಿರುವುದು ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಹಿಮಾಲಯ ಮೇಲೇಳತೊಡಗಿದ್ದು ಸುಮಾರು ಐದು ಕೋಟಿ ವರ್ಷಗಳ ಹಿಂದೆ. ಹಿಮಾಲಯ ನೋಡಲು ಸಾಲ ಮಾಡಿಯಾದರೂ ಹೋಗುತ್ತೇವೆ, ಹೋಗಲೇಬೇಕು ಕೂಡ. ಅದರಷ್ಟೇ ಬೆರಗಿನಿಂದ ಈ ಬಂಡೆಯನ್ನೂ ಮುಟ್ಟಿ ನೋಡಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ ಫಲಕ ಪಕ್ಕದಲ್ಲೇ ಇದೆ. ನಿಂತು ಓದಿ.

5. ಅಡುಗೆಮನೆಯಲ್ಲಿ ಭೂಪಟ ತೆರೆಯಿರಿ

ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ಅವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಓದಿದವರಿಗೆ ಸಂತೆಯಿಂದ ಬಂದ ಚೀಲ ಮೊದಲಿನಂತೆ ಕಾಣುವುದೇ ಇಲ್ಲ. ಆಲೂಗಡ್ಡೆ ಆಂಡೀಸ್ ಪರ್ವತದ್ದು. ಟೊಮ್ಯಾಟೊ, ಮೆಣಸಿನಕಾಯಿ, ಕಡಲೆಕಾಯಿ, ಸೀಬೆ, ಪರಂಗಿ, ಗೋಡಂಬಿ ಎಲ್ಲವೂ ಅಮೆರಿಕ ಖಂಡಗಳಿಂದ ಹಡಗು ಹತ್ತಿ ಬಂದವು. ಬ್ಯಾಡಗಿ ಮೆಣಸಿನಕಾಯಿಯ ಪೂರ್ವಜರು ಪೋರ್ಚುಗೀಸರು ಬರುವವರೆಗೆ ಈ ನೆಲ ಕಂಡಿರಲಿಲ್ಲ. ಅಲ್ಲಿಯವರೆಗೆ ಸಾರಿಗೆ ಖಾರ ಕೊಟ್ಟದ್ದು ನಮ್ಮ ಕಾಳುಮೆಣಸು. ಮಕ್ಕಳಿದ್ದರೆ ಅವರೊಂದಿಗೆ ಒಂದು ಭಾನುವಾರ ಸಾಂಬಾರಿನ ಒಂದೊಂದೇ ಪದಾರ್ಥದ ತವರನ್ನು ಭೂಪಟದಲ್ಲಿ ಹುಡುಕಿ. ಹಾಗೆಯೇ, ಹೋಗಿ ಬಂದ ಪ್ರತಿ ಊರಿನ ಒಂದು ಅಡುಗೆ ನಿಮ್ಮ ಒಲೆಗೂ ಬರಲಿ. ಅಂಗಡಿಯಲ್ಲಿ ಕೊಂಡ ಕೀಲಿಗೊಂಚಲಿಗಿಂತ ಅದು ಹೆಚ್ಚು ಕಾಲ ಬಾಳುತ್ತದೆ.

6. ಬಸ್ಸಿನ ಕೊನೆಯ ಸ್ಟಾಪಿನವರೆಗೆ ಹೋಗಿ

ದಿನದ ಪಾಸು ಕೊಳ್ಳಿ, ಎಂದೂ ಹತ್ತದ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂರಿ. ಇಳಿದಲ್ಲಿ ಕಾಫಿ ಕುಡಿದು ಬನ್ನಿ.

7. ಕಾವಲಿನವರ ಊರು ಯಾವುದು, ಕೇಳಿ

ದೂರದ ಊರಿನ ಚಹಾದಂಗಡಿಯಲ್ಲಿ ನಾವು ಬಾಯ್ತುಂಬ ಮಾತಾಡುತ್ತೇವೆ. ಮಕ್ಕಳೆಷ್ಟು, ಮಳೆ ಹೇಗೆ, ವ್ಯಾಪಾರ ಹೇಗೆ ಎಂದೆಲ್ಲ ವಿಚಾರಿಸುತ್ತೇವೆ. ನಮ್ಮದೇ ಕಟ್ಟಡದ ಬಾಗಿಲಲ್ಲಿ ರಾತ್ರಿಯೆಲ್ಲ ಎಚ್ಚರವಿರುವವರ ಹೆಸರು ಗೊತ್ತಿರುವುದಿಲ್ಲ. ಅವರು ಅಸ್ಸಾಮಿನವರಿರಬಹುದು, ಒಡಿಶಾದವರಿರಬಹುದು, ರಾಯಚೂರಿನವರೂ ಇರಬಹುದು. ಅವರೂ ಊರು ಬಿಟ್ಟು ಬಂದವರು, ಆದರೆ ರಜೆಗಾಗಿ ಅಲ್ಲ. ಅವರಿಗೆ ಊರಿನ ಸುದ್ದಿ ಹೇಳಿಕೊಳ್ಳಲು ಯಾರಾದರೂ ಬೇಕು. ಬಿಹು ಹೇಗೆ ನಡೆಯುತ್ತದೆ, ಈ ಸಲ ಜೋಳ ಹೇಗೆ ಬಂದಿದೆ ಎಂದು ಕೇಳಿ ನೋಡಿ. ಇದನ್ನು ಬರೀ ನನ್ನ ಖುಷಿಯ ಸೂತ್ರವಾಗಿ ಹೇಳುತ್ತಿಲ್ಲ. ಒಂದೇ ಗೇಟಿನೊಳಗೆ ಬದುಕುವವರು ಪರಸ್ಪರ ಅಪರಿಚಿತರಾಗಿ ಉಳಿಯುವುದು ನನಗೆ ನಿಜಕ್ಕೂ ನೋವಿನ ಸಂಗತಿ.

8. ಹೋಗಲಾಗದ ವರ್ಷಗಳಲ್ಲಿ ಕಣ್ಣನ್ನು ಪಳಗಿಸಿ

ಮಗು ಸಣ್ಣದು, ಮನೆಯಲ್ಲಿ ಹಿರಿಯರಿಗೆ ಹುಷಾರಿಲ್ಲ, ಕೈಯಲ್ಲಿ ಹಣವಿಲ್ಲ. ಇಂಥ ಕಾರಣಕ್ಕೆ ವರ್ಷಗಳೇ ಪ್ರವಾಸವಿಲ್ಲದೆ ಕಳೆಯಬಹುದು. ಅವು ವ್ಯರ್ಥವಾಗುವುದಿಲ್ಲ ಎನ್ನುವುದಕ್ಕೆ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಸಾಕ್ಷಿ. ಅವರು ಮೊದಲು ಬರೆದದ್ದು ಹೇಮಾವತಿ ದಂಡೆಯ ತಮ್ಮ ಹಳ್ಳಿಯ ಜೀವನ, ಅಲ್ಲಿನ ಜನರ ನಗು, ಜಗಳ, ಜಾತ್ರೆಗಳನ್ನು. ಅಮೆರಿಕ ಕಂಡದ್ದು ಇಳಿವಯಸ್ಸಿನಲ್ಲಿ. ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳ್ಳಿಯ ಜಗಲಿಯಲ್ಲಿ ಹದಗೊಂಡ ಕಣ್ಣೇ ಸಮುದ್ರದಾಚೆಗೂ ಕೆಲಸ ಮಾಡಿತ್ತು. ಪೂರ್ಣಚಂದ್ರ ತೇಜಸ್ವಿಯವರೂ ಹಾಗೆಯೇ. ಅಂಡಮಾನಿನ ಬಗ್ಗೆ ಎಷ್ಟು ಆಸೆಯಿಂದ ಬರೆದರೋ ಮೂಡಿಗೆರೆಯ ತೋಟದ ಹಕ್ಕಿಗಳ ಬಗ್ಗೆಯೂ ಅಷ್ಟೇ ಆಸೆಯಿಂದ ಬರೆದರು. ರಾತ್ರಿ ಮಲಗುವ ಮುನ್ನ ಆ ದಿನ ಹೊಸದಾಗಿ ಕಂಡ ಒಂದನ್ನು, ಒಂದೇ ಒಂದು ಸಾಲಿನಲ್ಲಿ, ಬರೆದಿಡಿ.

9. ನಿಮ್ಮ ಊರಿನ ಜಾತ್ರೆಗೆ ರಜೆ ಹಾಕಿ

ಪರ ಊರಿನ ಉತ್ಸವಕ್ಕೆ ತಿಂಗಳುಗಟ್ಟಲೆ ಮುಂಚೆ ಕೋಣೆ ಕಾದಿರಿಸುವ ನಾವು ಮನೆ ಹತ್ತಿರದ ಜಾತ್ರೆಯನ್ನು ಟ್ರಾಫಿಕ್ ಜಾಮ್ ಎಂದು ಬಗೆಯುತ್ತೇವೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಹೊಸ ಫಸಲಿನ ಮೊದಲ ಪಾಲು ದೊಡ್ಡ ಬಸವಣ್ಣನಿಗೆ. ಸುತ್ತಲ ಜಿಲ್ಲೆಗಳಿಂದ ಮಾತ್ರವಲ್ಲ, ತಮಿಳುನಾಡಿನಿಂದಲೂ ರೈತರು ಮೂಟೆ ಹೊತ್ತು ಬಂದು ರಸ್ತೆಯ ಎರಡೂ ಬದಿ ರಾಶಿ ಹಾಕುತ್ತಾರೆ. ಹಸಿಯದು, ಹುರಿದದ್ದು, ಬೇಯಿಸಿದ್ದು, ಎರಡು ಬೀಜದ್ದು, ಮೂರು ಬೀಜದ್ದು, ಒಂದೊಂದರ ರುಚಿಯೂ ಬೇರೆ. ಈ ವರ್ಷ ಆ ಸೋಮವಾರ ಕಚೇರಿಗೆ ರಜೆ ಚೀಟಿ ಕೊಡಿ. ಬಟ್ಟೆಯ ಚೀಲ ಹಿಡಿದು ಬೆಳಿಗ್ಗೆ ಎಂಟರೊಳಗೆ ಅಲ್ಲಿರಿ, ಮಧ್ಯಾಹ್ನದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಕೊಳ್ಳುವ ಮುಂಚೆ ಯಾವ ಊರಿನ ಹೊಲದ್ದು ಎಂದು ಕೇಳಿ, ರೈತರು ಹೇಳಿದ ಬೆಲೆಗೆ ಚೌಕಾಶಿ ಮಾಡದೆ ಒಂದು ಸೇರು ಹೆಚ್ಚೇ ಕಟ್ಟಿಸಿಕೊಳ್ಳಿ.