ಕೈಕೊಡುವ ಹಾರ್ಡ್ ಡಿಸ್ಕ್: ದಾಖಲೆ ಉಳಿಸಿಕೊಳ್ಳುವ ಕ್ರಮ

ಮಳೆಯ ಪ್ರಮಾಣ, ಮಣ್ಣು ಪರೀಕ್ಷೆಯ ಫಲಿತಾಂಶ, ತೋಟದ ಖರ್ಚುವೆಚ್ಚ, ಹಾಲಿನ ಸಂಘದ ಬಟವಾಡೆ ಪಟ್ಟಿ ಮುಂತಾದವು ಹಿಂದೆ ರಟ್ಟಿನ ಪುಸ್ತಕಗಳಲ್ಲಿ ಇರುತ್ತಿದ್ದವು. ಇಂದು ಅನೇಕ ಕಡೆ ಅವು ಗಣಕಯಂತ್ರಕ್ಕೆ ಬಂದಿವೆ. ಯಂತ್ರ ಹಳೆಯದಾಗಿ ಒಳಗೆ ಜಾಗ ಸಾಲದಾದಾಗ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕ್ ಒಂದನ್ನು ಕೊಂಡು, ಎಲ್ಲವನ್ನೂ ಅದಕ್ಕೇ ತುಂಬಿಡುವುದು ರೂಢಿ. ಈ ಡಿಸ್ಕ್ ಒಂದು ದಿನ ಕಾಣಿಸುತ್ತದೆ, ಮರುದಿನ ಕಾಣಿಸುವುದಿಲ್ಲ. ನಕಲು ಮಾಡುತ್ತಿರುವಾಗ ನಡುವೆಯೇ ಮಾಯವಾಗುತ್ತದೆ. ಆಗ ಗಾಬರಿಯಿಂದ ಮಾಡುವ ದುರಸ್ತಿಯಿಂದಲೇ ಹತ್ತು ವರ್ಷದ ದಾಖಲೆ ಹೋಗುವುದುಂಟು. ಡಿಸ್ಕನ್ನು ಸರಿಪಡಿಸುವುದು ಆಮೇಲಿನ ಮಾತು. ದಾಖಲೆಯನ್ನು ಹೊರಗೆ ತೆಗೆದುಕೊಳ್ಳುವುದೇ ಮೊದಲ ಕೆಲಸ.

ದೋಷ ಡಿಸ್ಕಿನದೇ?

ವೋಲ್ಟೇಜ್ ಇಳಿದಾಗ ಪಂಪ್‌ಸೆಟ್ಟಿನ ಮೋಟಾರು ತಿರುಗದೆ ಗುಂಯ್‌ಗುಟ್ಟುವುದನ್ನು ಕಾಣದ ರೈತರಿಲ್ಲ. ತಿಳಿದವರು ತಕ್ಷಣ ಮೋಟಾರು ಬಿಚ್ಚುವುದಿಲ್ಲ, ಮೊದಲು ವಿದ್ಯುತ್ ನೋಡುತ್ತಾರೆ. ಇಲ್ಲಿಯೂ ಅದೇ ಕ್ರಮ. 2000ನೇ ಇಸವಿಯಲ್ಲಿ ಬಂದ ಯುಎಸ್‌ಬಿ 2.0 ಮಾದರಿಯ ಕಿಂಡಿಯು ನಿಯಮದಂತೆ 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್, ಅಂದರೆ ಎರಡೂವರೆ ವ್ಯಾಟ್ ವಿದ್ಯುತ್ತನ್ನು ಮಾತ್ರ ಕೊಡಬೇಕಾಗಿದೆ. 2008ರಲ್ಲಿ ಬಂದ 3.0 ಮಾದರಿಯಲ್ಲಿ ಇದು 900 ಮಿಲಿಆಂಪಿಯರಿಗೆ ಏರಿತು. ಆದರೆ ಅಂಗೈಯಗಲದ 2.5 ಅಂಗುಲದ ಡಿಸ್ಕಿನೊಳಗಿನ ತಟ್ಟೆಗಳು ನಿಂತಲ್ಲಿಂದ ತಿರುಗಲಾರಂಭಿಸುವ ಕೆಲವು ಕ್ಷಣ ಸುಮಾರು ಒಂದು ಆಂಪಿಯರಿನಷ್ಟು ಬೇಡುವುದುಂಟು. ಹಳೆಯ ಯಂತ್ರ ಅದನ್ನು ಪೂರೈಸಲಾರದೆ ಹೋದಾಗ ಡಿಸ್ಕು ತಿರುಗಲು ಯತ್ನಿಸಿ ನಿಲ್ಲುತ್ತದೆ.

ಮೇಜಿನ ಗಣಕಯಂತ್ರದಲ್ಲಿ ಮುಂಭಾಗದ ಕಿಂಡಿಗಳು ಒಳಗಿನ ತೆಳು ತಂತಿಗಳ ಮೂಲಕ ಮುಖ್ಯ ಫಲಕವನ್ನು ಸೇರುತ್ತವೆ, ಹಿಂಭಾಗದವು ನೇರವಾಗಿ ಫಲಕದ ಮೇಲೆಯೇ ಇರುತ್ತವೆ. ಆದ್ದರಿಂದ ಡಿಸ್ಕನ್ನು ಹಿಂಭಾಗಕ್ಕೆ ಜೋಡಿಸಿ ನೋಡುವುದು ಮೊದಲ ಪರೀಕ್ಷೆ. ಎರಡನೆಯದು ಕೇಬಲ್ ಬದಲಾಯಿಸುವುದು. ಕಂಬದಿಂದ ಬಾವಿಗೆ ಉದ್ದದ ಸಣ್ಣ ತಂತಿ ಎಳೆದರೆ ಏನಾಗುತ್ತದೆಯೋ, ಉದ್ದದ ತೆಳು ಕೇಬಲಿನಲ್ಲಿಯೂ ಅದೇ ಆಗುತ್ತದೆ. ಅಷ್ಟಾದರೂ ಸರಿಹೋಗದಿದ್ದರೆ, ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮೂಲಕ ಜೋಡಿಸಬೇಕು, ಇಲ್ಲವೆ ನೆರೆಯವರ ಹೊಸ ಯಂತ್ರದಲ್ಲಿ ನೋಡಬೇಕು. ದೊಡ್ಡ 3.5 ಅಂಗುಲದ ಡಿಸ್ಕುಗಳಿಗೆ 12 ವೋಲ್ಟಿನ ಪ್ರತ್ಯೇಕ ಅಡಾಪ್ಟರ್ ಇರುತ್ತದೆ. ಅಲ್ಲಿ ಅನುಮಾನಿಸಬೇಕಾದುದು ಅದನ್ನೇ.

ಇನ್ನೊಂದು ತೊಡಕು ದೋಷವೇ ಅಲ್ಲ. ವಿಂಡೋಸ್ ಎಕ್ಸ್‌ಪಿಯ ಸಾಮಾನ್ಯ 32 ಬಿಟ್ ಆವೃತ್ತಿಯು ಜಿಪಿಟಿ ಎಂಬ ವಿಭಾಗ ಕ್ರಮದ ಡಿಸ್ಕನ್ನು ಓದಲಾರದು. ಹೊಸ ಯಂತ್ರದಲ್ಲಿ ತುಂಬಿಸಿ ತಂದ ಡಿಸ್ಕು ಹಳೆಯದರಲ್ಲಿ ತೆರೆಯದಿದ್ದರೆ ಕೆಟ್ಟಿದೆಯೆಂದು ತೀರ್ಮಾನಿಸಬಾರದು.

ಡಿಸ್ಕೇ ಸೋತಾಗ

ಸಾಕಷ್ಟು ವಿದ್ಯುತ್ ದೊರೆಯುವ ಯಂತ್ರದಲ್ಲಿಯೂ ಒಂದೇ ಲಯದಲ್ಲಿ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಕೂಡಲೇ ಬಿಚ್ಚಬೇಕು. ಇಂತಹ ಡಿಸ್ಕಿನಲ್ಲಿ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಅದರ ಮೇಲೆ ಓದುವ ತಲೆಯು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟೂ ಅಂತರವಿಲ್ಲ. ಆ ತಲೆ ತಟ್ಟೆಗೆ ತಗುಲಿದ್ದರೆ ಚಾಲೂ ಮಾಡಿದಷ್ಟೂ ಉಜ್ಜಿಕೊಂಡು ಹೋಗುತ್ತದೆ. ಇದು ಪ್ರಯೋಗಾಲಯದ ಕೆಲಸ, ಖರ್ಚೂ ಹೆಚ್ಚು. ಫ್ರೀಜರಿನಲ್ಲಿಟ್ಟು ತೆಗೆಯುವ ಉಪಾಯವನ್ನು ಕೆಲವರು ಹೇಳುವುದುಂಟು. ಒಳಗೆ ತೇವ ಕಟ್ಟಿಕೊಂಡು ಉಳಿದದ್ದೂ ಹೋಗುತ್ತದೆ.

ಸದ್ದಿಲ್ಲದೆ, ನಿಧಾನವಾಗಿಯಾದರೂ ತೆರೆಯುತ್ತಿದ್ದರೆ ಕಾಲ ಕಳೆಯದೆ ನಕಲು ಮಾಡಿಕೊಳ್ಳಬೇಕು. ಮೊದಲು ಇನ್ನೆಲ್ಲಿಯೂ ಇಲ್ಲದವು: ಲೆಕ್ಕದ ಕಡತ, ಸದಸ್ಯರ ಪಟ್ಟಿ, ಕ್ಷೇತ್ರ ಪ್ರಯೋಗದ ಅಂಕಿಅಂಶ. ಮದುವೆಯ ವಿಡಿಯೋ ಕೊನೆಗೆ ಬರಲಿ. (ಮನೆಯವರು ಒಪ್ಪುವುದು ಕಷ್ಟವೆಂಬುದೂ ನಿಜವೇ.) ಒಟ್ಟಿಗೆ ಎಲ್ಲವನ್ನೂ ಎಳೆಯದೆ ಒಂದೊಂದೇ ಫೋಲ್ಡರನ್ನು ತೆಗೆಯುವುದು ಮೇಲು; ನಡುವೆ ನಿಂತರೂ ಎಲ್ಲಿಯವರೆಗೆ ಬಂದಿದೆಯೆಂಬುದು ತಿಳಿದಿರುತ್ತದೆ.

ಈ ಹಂತದಲ್ಲಿ ಪರದೆಯ ಮೇಲೆ ಎರಡು ಆಮಿಷಗಳು ಬರುತ್ತವೆ. ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ ಎಂಬ ಪ್ರಶ್ನೆ ಒಂದು. ಇದಕ್ಕೆ ಬೇಡವೆಂದೇ ಉತ್ತರಿಸಬೇಕು. ದೋಷ ಪರೀಕ್ಷಿಸಿ ಸರಿಪಡಿಸುವುದಾಗಿ ಹೇಳುವ ಚೆಕ್‌ಡಿಸ್ಕ್ ಎಂಬ ಸೌಲಭ್ಯ ಇನ್ನೊಂದು. ಅದು ಡಿಸ್ಕಿನ ಮೇಲೆಯೇ ತಿದ್ದುಪಡಿ ಬರೆಯುತ್ತದೆ. ಕೆಟ್ಟ ಭಾಗಗಳನ್ನೂ ಹುಡುಕಲು ಹೇಳಿದರೆ ಇಡೀ ಡಿಸ್ಕನ್ನು ಓದಿಸುತ್ತದೆ. ಸೊರಗಿದ ಎತ್ತಿಗೆ ಭಾರದ ಗಾಡಿ ಕಟ್ಟಿ ಅದರ ಶಕ್ತಿ ಅಳೆದಂತೆ ಇದು. ಅನುಭವವುಳ್ಳವರ ನೆರವಿದ್ದಲ್ಲಿ ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಉತ್ತಮ. ಅದು ಸುಲಭವಾಗಿ ಓದಬಹುದಾದ ಭಾಗಗಳನ್ನು ಮೊದಲು ಬೇರೆ ಡಿಸ್ಕಿಗೆ ತೆಗೆದುಕೊಂಡು, ಕೆಟ್ಟ ಭಾಗಗಳಿಗೆ ಆಮೇಲೆ ಹಿಂದಿರುಗುತ್ತದೆ. ನಕಲು ಸೇರುವ ಡಿಸ್ಕು ಹಳೆಯದರಷ್ಟಾದರೂ ದೊಡ್ಡದಿರಬೇಕು.

ದಾಖಲೆ ಕೈಸೇರಿದ ಮೇಲೆ ಡಿಸ್ಕಿನ ಆರೋಗ್ಯ ನೋಡಬಹುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂತಹ ಉಚಿತ ತಂತ್ರಾಂಶ ಸ್ಮಾರ್ಟ್ ಎಂಬ ಸ್ವಯಂ ತಪಾಸಣೆಯ ಅಂಕಿಗಳನ್ನು ತೋರಿಸುತ್ತದೆ. ಇವುಗಳಲ್ಲಿ 5ನೆಯ ಅಂಶವು ಈಗಾಗಲೇ ಕೆಟ್ಟು ಬದಲಿಸಲ್ಪಟ್ಟ ಭಾಗಗಳನ್ನೂ 197ನೆಯದು ಓದಲಾಗದೆ ಸಂಶಯದಲ್ಲಿರುವ ಭಾಗಗಳನ್ನೂ ಎಣಿಸುತ್ತವೆ. ಈ ಎಣಿಕೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕನ್ನು ಮತ್ತೆ ನಂಬಬಾರದು.

ಹಳೆಯ ಗಣಕಯಂತ್ರಗಳಲ್ಲಿ ನಾಣ್ಯದಾಕಾರದ ಸಿಆರ್ 2032 ಬ್ಯಾಟರಿ ಸತ್ತಿರುವುದು ಸಾಮಾನ್ಯ. ಆಗ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿ, ಇಂದು ತಿದ್ದಿದ ಕಡತವೂ ಹಳೆಯದೆಂದು ಕಾಣುತ್ತದೆ. ಹಳೆಯದೆಂದು ತಿಳಿದು ಹೊಸದನ್ನೇ ಅಳಿಸಿಹಾಕುವ ಅಪಾಯವಿದೆ. ನಕಲು ಮಾಡುವ ಮುನ್ನ ತಾರೀಖು ಸರಿಪಡಿಸಬೇಕು, ಮಾಡಿದ ಮೇಲೆ ನಾಲ್ಕಾರು ಕಡತಗಳನ್ನು ತೆರೆದೂ ನೋಡಬೇಕು.

ಬಿತ್ತನೆ ಬೀಜವನ್ನು ಒಂದೇ ವಾಡೆಯಲ್ಲಿ ಇಡದವರು ದಾಖಲೆಯನ್ನು ಮಾತ್ರ ಒಂದೇ ಡಿಸ್ಕಿನಲ್ಲಿ ಇಡುತ್ತಾರೆ. ಮೂಲವಲ್ಲದೆ ಎರಡು ಪ್ರತಿಗಳಿದ್ದು, ಅವುಗಳಲ್ಲಿ ಒಂದಾದರೂ ಬೇರೆ ಕಟ್ಟಡದಲ್ಲಿರಬೇಕು. ಸಂಘದ ಪ್ರತಿಯೊಂದು ಕಾರ್ಯದರ್ಶಿಯ ಮನೆಯಲ್ಲಿದ್ದರೂ ಆಗುತ್ತದೆ.

ಸೋತ ಡಿಸ್ಕನ್ನು ಹಾಗೆಯೇ ಗುಜರಿಗೆ ಹಾಕಬಾರದು. ಸದಸ್ಯರ ಆಧಾರ್ ಮತ್ತು ಬ್ಯಾಂಕ್ ಖಾತೆ ಸಂಖ್ಯೆಗಳು ಅದರಲ್ಲಿ ಇನ್ನೂ ಇರುತ್ತವೆ. ತಟ್ಟೆಗಳಿಗೆ ಡ್ರಿಲ್ಲಿನಿಂದ ತೂತು ಹೊಡೆದು, ಬಳಿಕ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. ಕೆಲವು ಡಿಸ್ಕುಗಳ ತಟ್ಟೆ ಗಾಜಿನದಾಗಿರುವುದರಿಂದ ತೂತು ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಬೇಕು.