ನಿದ್ದೆಯ ಲೆಕ್ಕ: ಬ್ಲೂಟೂತ್ ಮಾಡ್ಯೂಲಿನ ಮೂಲಕ ಸರಾಸರಿ ವಿದ್ಯುತ್ ಪ್ರವಾಹದ ಬೋಧನೆ

ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಘಟಕದಲ್ಲಿ, ಶಕ್ತಿ ಎಂದರೆ ಸಾಮರ್ಥ್ಯ ಮತ್ತು ಕಾಲದ ಗುಣಲಬ್ಧ ಎಂಬ ಸೂತ್ರವನ್ನು ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ. ಆ ಸೂತ್ರದಲ್ಲಿ ಕಾಲಕ್ಕಿರುವ ತೂಕ ಮಾತ್ರ ಮನಸ್ಸಿಗೆ ಇಳಿದಿರುವುದಿಲ್ಲ. ಇದನ್ನು ಇಳಿಸಲು ಸೋಸಲೆಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ನಾನು ತೆಗೆದುಕೊಂಡ 40 ನಿಮಿಷಗಳ ಪಾಠದ ವಿವರ ಇಲ್ಲಿದೆ.

ತೊಡಗಿಸಿಕೊಳ್ಳುವಿಕೆ

ಸಿಆರ್2032 ಎಂಬ ನಾಣ್ಯಾಕಾರದ ಸೆಲ್ಲನ್ನು ಮಕ್ಕಳ ಕೈಗೆ ಕೊಟ್ಟೆ. 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಹೆಸರಿನ ಅಂಕಿಗಳಲ್ಲೇ ಅಳತೆ ಅಡಗಿದೆ. ಇದರ ಧಾರಣೆ ಸುಮಾರು 220 ಮಿಲಿಆಂಪಿಯರ್-ಗಂಟೆ. 2010ರಲ್ಲಿ ಬ್ಲೂಟೂತ್ 4.0ರೊಂದಿಗೆ ಬಂದ ‘ಲೋ ಎನರ್ಜಿ’ ವಿಧದ ಮಾಡ್ಯೂಲುಗಳು ಇಂಥ ಒಂದು ಸೆಲ್ಲಿನಲ್ಲೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುತ್ತವೆ. “ಹೇಗೆ?” ಎಂದು ಕೇಳಿದೆ. “ಕರೆಂಟು ಕಮ್ಮಿ ಎಳೀತದೆ ಸಾರ್” ಎಂಬುದು ಹೆಚ್ಚಿನವರ ಉತ್ತರ. ಪಾಠ ಪರೀಕ್ಷಿಸಬೇಕಾದ ಕಲ್ಪನೆ ಇದೇ.

ಅನ್ವೇಷಣೆ

ಕಪ್ಪುಹಲಗೆಯ ಮೇಲೆ ಲೆಕ್ಕಕ್ಕೆ ಸುಲಭವಾದ ಅಂಕಿಗಳನ್ನು ಬರೆದೆ. ಎಚ್ಚರವಿದ್ದು ರೇಡಿಯೋ ಸಂಕೇತ ಕಳಿಸುವಾಗ 10 ಮಿಲಿಆಂಪಿಯರ್; ನಿದ್ದೆಯಲ್ಲಿ 2 ಮೈಕ್ರೋಆಂಪಿಯರ್; ಪ್ರತಿ ಎಚ್ಚರ 3 ಮಿಲಿಸೆಕೆಂಡ್.

ಸದಾ ಎಚ್ಚರವಿದ್ದರೆ 220ನ್ನು 10ರಿಂದ ಭಾಗಿಸಿ 22 ಗಂಟೆ. ಒಂದು ದಿನವೂ ಇಲ್ಲ! ನಿಜದಲ್ಲಿ ಇಷ್ಟೂ ಸಿಗದು. ಇಷ್ಟು ಪ್ರವಾಹವನ್ನು ಸತತವಾಗಿ ಎಳೆದರೆ ಈ ಸೆಲ್ ತನ್ನ ಪೂರ್ಣ ಧಾರಣೆಯನ್ನು ಕೊಡುವುದಿಲ್ಲ. ಹಾಗಾದರೆ ಪ್ರವಾಹ ಕಡಿಮೆಯೆಂಬ ಉತ್ತರ ಸಾಲದು.

ಸೆಕೆಂಡಿಗೊಮ್ಮೆ ಎದ್ದರೆ, ಎಚ್ಚರದ ಪಾಲು 10 × 3 ÷ 1000 = 0.03 ಮಿಲಿಆಂಪಿಯರ್, ಅಂದರೆ 30 ಮೈಕ್ರೋಆಂಪಿಯರ್. ನಿದ್ದೆಯ 2 ಸೇರಿ ಸರಾಸರಿ 32. ಆಯುಸ್ಸು ಸುಮಾರು 6,875 ಗಂಟೆ, 286 ದಿನ. 10 ಸೆಕೆಂಡಿಗೊಮ್ಮೆ ಎದ್ದರೆ ಸರಾಸರಿ 3 + 2 = 5 ಮೈಕ್ರೋಆಂಪಿಯರ್; ಆಯುಸ್ಸು 44,000 ಗಂಟೆ, ಸುಮಾರು 5 ವರ್ಷ.

ವಿವರಣೆ

“ಹಾಗಾದರೆ 100 ಸೆಕೆಂಡಿಗೊಮ್ಮೆ ಎದ್ದರೆ 50 ವರ್ಷ ಬರುತ್ತದೆಯೇ?” ಎಂದು ಕೇಳಿದೆ. ಹಲವರು ಹೌದೆಂದರು. ಲೆಕ್ಕ ಮಾಡಿಸಿದಾಗ ಎಚ್ಚರದ ಪಾಲು 0.3ಕ್ಕೆ ಇಳಿಯಿತು, ನಿದ್ದೆಯ 2 ಹಾಗೇ ಉಳಿಯಿತು. ಸರಾಸರಿ 2.3, ಕಾಗದದ ಮೇಲೆ ಸುಮಾರು 11 ವರ್ಷವಷ್ಟೆ. ಸೆಲ್ ತಾನಾಗಿಯೇ ಸವೆಯುವುದರಿಂದ ವಾಸ್ತವದಲ್ಲಿ ಇನ್ನೂ ಕಡಿಮೆ.

ಇಲ್ಲಿ ನಾಲೆಯ ತೂಬನ್ನು ನೆನಪಿಸಿದೆ. ನೀರುಗಂಟಿ ತೂಬನ್ನು ಸ್ವಲ್ಪ ಹೊತ್ತು ಎತ್ತಿ ಮುಚ್ಚುವುದು ಎಚ್ಚರ. “ಮುಚ್ಚಿದ್ರೂ ಸೋರ್ತಾನೇ ಇರ್ತದಲ್ಲ ಸಾರ್” ಎಂದಳು ಒಬ್ಬ ವಿದ್ಯಾರ್ಥಿನಿ. ಆ ಸೋರಿಕೆಯೇ ನಿದ್ದೆಯ ಪ್ರವಾಹ. ತೂಬನ್ನು ಎತ್ತುವುದು ಅಪರೂಪವಾದಷ್ಟೂ ಒಟ್ಟು ನಷ್ಟದಲ್ಲಿ ಸೋರಿಕೆಯ ಪಾಲು ದೊಡ್ಡದಾಗುತ್ತದೆ. ಆಮೇಲೆ ಗಮನ ಹರಿಸಬೇಕಾದದ್ದು ಸೋರಿಕೆಯ ಕಡೆಗೆ: ಬಳಸದ ಸಂವೇದಕ ಆರಿದೆಯೇ, ಸದಾ ಉರಿಯುವ ಎಲ್‌ಇಡಿ ಇದೆಯೇ?

ವಿಸ್ತರಣೆ

ಉಳಿತಾಯಕ್ಕೆ ಬೆಲೆಯೂ ಇದೆ. ಮಾಡ್ಯೂಲ್ 10 ಸೆಕೆಂಡಿಗೊಮ್ಮೆ ಮಾತ್ರ ಕೂಗಿದರೆ ಮೊಬೈಲ್ ಅದನ್ನು ಹುಡುಕಲು ಅಷ್ಟು ಹೊತ್ತು ಕಾಯಬೇಕಾಗಬಹುದು. ಗದ್ದೆಯ ತೇವ ಅಳೆಯುವ ಸಾಧನ ಕಾಯಬಲ್ಲದು. ನಾಡಿಬಡಿತ ತೋರಿಸುವ ಕೈಪಟ್ಟಿ ಕಾಯಲಾರದು. ಯಾವುದಕ್ಕೆ ಎಷ್ಟು ಅಂತರವೆಂದು ಗುಂಪುಗಳಲ್ಲಿ ಚರ್ಚಿಸಿ, ಕಾರಣ ಸಹಿತ ಬರೆಯಲು ಹೇಳಿದೆ.

ಮೌಲ್ಯಮಾಪನ

ಕೊಟ್ಟ ಪ್ರಶ್ನೆ: ನಿದ್ದೆಯಲ್ಲಿ 5 ಮೈಕ್ರೋಆಂಪಿಯರ್, ಎಚ್ಚರದಲ್ಲಿ 8 ಮಿಲಿಆಂಪಿಯರ್, 2 ಸೆಕೆಂಡಿಗೊಮ್ಮೆ 5 ಮಿಲಿಸೆಕೆಂಡ್ ಎಚ್ಚರ. ಅದೇ ಸೆಲ್ ಎಷ್ಟು ದಿನ ಬಾಳುತ್ತದೆ? ಸರಾಸರಿ 25 ಮೈಕ್ರೋಆಂಪಿಯರ್. 8,800 ಗಂಟೆ, ಸುಮಾರು ಒಂದು ವರ್ಷ. ಉತ್ತರಗಳಲ್ಲಿ ಎರಡು ತೊಡಕು ಕಂಡವು: ಮಿಲಿಯನ್ನು ಮೈಕ್ರೋಗೆ ಬದಲಿಸುವುದು, ಮತ್ತು ನಿದ್ದೆಯ ಪಾಲನ್ನು ಕೂಡಿಸುವುದು. ಮೊದಲನೆಯದಕ್ಕೆ ಏಕಮಾನಗಳ ಅಭ್ಯಾಸ ಸಾಕು. ಎರಡನೆಯದಕ್ಕೆ ತೂಬಿನ ಚಿತ್ರವನ್ನು ಮತ್ತೆ ಬರೆಸಬೇಕಾಯಿತು.

ಪ್ರಶಿಕ್ಷಣಾರ್ಥಿಗಳಿಗೆ

3 ಮಿಲಿಸೆಕೆಂಡಿನ ಮಿಡಿತವನ್ನು ಸಾಮಾನ್ಯ ಮಲ್ಟಿಮೀಟರ್ ಹಿಡಿಯಲಾರದು. ಆದ್ದರಿಂದ ಅಳತೆಯ ಪ್ರದರ್ಶನಕ್ಕೆ ಕೈಹಾಕದೆ ತಯಾರಕರ ದತ್ತಾಂಶ ಪತ್ರದ ಅಂಕಿಗಳಿಂದ ಲೆಕ್ಕ ಮಾಡಿಸಿ. 100 ಸೆಕೆಂಡಿನ ಪ್ರಶ್ನೆಗೆ ಮೊದಲು ಊಹೆ, ನಂತರ ಲೆಕ್ಕ ಎಂಬ ಕ್ರಮವನ್ನು ಬಿಡಬೇಡಿ. 50ಕ್ಕೂ 11ಕ್ಕೂ ನಡುವಿನ ಅಂತರ ಕಣ್ಣಿಗೆ ಬಿದ್ದಾಗಲೇ ಮಕ್ಕಳು “ಉಳಿದದ್ದು ಎಲ್ಲಿ ಹೋಯಿತು?” ಎಂದು ತಾವಾಗಿ ಕೇಳುತ್ತಾರೆ.